ಮಂತ್ರವಾದಿ, ಗಾರುಡಿಗ, ಸಿದ್ಧ, ಶರಣ: ನಾಲ್ಕು ಪದಗಳ ಅರ್ಥಭೇದ

ಡಾಲಸ್, ಹ್ಯೂಸ್ಟನ್, ಆಸ್ಟಿನ್ ನಗರಗಳಲ್ಲಿ ಮೆಕ್ಸಿಕನ್ ಮೂಲದವರು ನೆಲೆಸಿರುವ ಬಡಾವಣೆಗಳಲ್ಲಿ ‘ಯೆರ್ಬೆರಿಯಾ’ ಎಂಬ ಮೂಲಿಕೆಯಂಗಡಿಗಳು ಕಾಣಸಿಗುತ್ತವೆ. ಆ ಜನರ ಮಾತಿನಲ್ಲಿ ‘ಕುರಾಂದೆರೊ’ ದೈವದತ್ತ ಶಕ್ತಿಯಿಂದ ರೋಗ ನೀಗುವವನು, ‘ಬ್ರೂಹೊ’ ಮಾಟಗಾರ. ದಕ್ಷಿಣ ಟೆಕ್ಸಾಸಿನ ಲಾಸ್ ಓಲ್ಮೋಸ್‌ನಲ್ಲಿದ್ದು 1907ರಲ್ಲಿ ತೀರಿಕೊಂಡ ದೋನ್ ಪೆದ್ರಿತೊ ಹರಮಿಯೊನನ್ನು ಭಕ್ತರು ಸಂತನೆಂದೇ ನೆನೆಯುತ್ತಾರೆ. ಅವನನ್ನು ಬ್ರೂಹೊ ಎಂದರೆ ಅದು ನಿಂದೆ. ಇಬ್ಬರ ಕೈಯಲ್ಲಿಯೂ ಮೂಲಿಕೆ, ಮೇಣದಬತ್ತಿ, ಪ್ರಾರ್ಥನೆಗಳೇ ಇರಬಹುದು. ಆದ್ದರಿಂದ ಭೇದವನ್ನು ಸಾಧನದಲ್ಲಿ ಹುಡುಕಿದರೆ ಸಿಕ್ಕದು. ಇಬ್ಬರಿಗೂ ಒಂದೇ ಇಂಗ್ಲಿಷ್ ಪದವನ್ನು ಬಳಸುವ ಅನುವಾದಕನು ಆ ಭೇದವನ್ನೇ ಅಳಿಸುತ್ತಾನೆ. ಕನ್ನಡದ ಪ್ರಾಚೀನ ಪಠ್ಯಗಳು ಇಂಗ್ಲಿಷಿಗೆ ಹೋಗುವಾಗಲೂ ಇಂಥದೇ ನಷ್ಟ ಒದಗುತ್ತದೆ.

ಮಂತ್ರವಾದಿಯನ್ನು ಮೊದಲು ನೋಡಬಹುದು. ಇಂದು ಈ ಪದಕ್ಕೆ ಹೀನಾರ್ಥ ಅಂಟಿಕೊಂಡಿದೆ. ಆದರೆ ರಾಷ್ಟ್ರಕೂಟರ ಮಾನ್ಯಖೇಟದಲ್ಲಿ ಶಕ 861ರಲ್ಲಿ (ಕ್ರಿ.ಶ. 939) ಇಂದ್ರನಂದಿಯು ಸಂಸ್ಕೃತದಲ್ಲಿ ರಚಿಸಿದ ‘ಜ್ವಾಲಾಮಾಲಿನೀಕಲ್ಪ’ದಲ್ಲಿ ಮಂತ್ರವನ್ನು ಪ್ರಯೋಗಿಸುವವನು ಜೈನ ಆಚಾರ್ಯನೇ. ಬ್ರಹ್ಮರಾಕ್ಷಸನ ಬಾಧೆಗೆ ಸಿಕ್ಕಿದ ಶಿಷ್ಯೆ ಕಮಲಶ್ರೀಯನ್ನು ಬಿಡಿಸುವುದಕ್ಕಾಗಿ ಹೇಲಾಚಾರ್ಯನು ದೇವಿಯನ್ನು ಆರಾಧಿಸಿದನೆಂದು ಗ್ರಂಥ ಹೇಳುತ್ತದೆ. ಮುನಿತ್ವಕ್ಕೂ ಮಂತ್ರವಾದಕ್ಕೂ ಅಲ್ಲಿ ವಿರೋಧವಿಲ್ಲ.

ಗಾರುಡಿಗನದು ಬೇರೆಯೇ ಕಥೆ. ಗರುಡನ ಹೆಸರಿನಿಂದ ಬಂದ ಈ ಪದಕ್ಕೆ ಮೂಲದಲ್ಲಿ ಹಾವಿನ ವಿಷ ಇಳಿಸುವವನೆಂಬ ಅರ್ಥ. ಹದಿನಾಲ್ಕನೆಯ ಶತಮಾನದ ಮಂಗರಾಜನು ತನ್ನ ವಿಷವೈದ್ಯ ಗ್ರಂಥಕ್ಕೆ ‘ಖಗೇಂದ್ರಮಣಿದರ್ಪಣ’ ಎಂದು ಹೆಸರಿಟ್ಟದ್ದೂ ಗರುಡನನ್ನು ನೆನೆದೇ. ಮಂತ್ರವೂ ಮದ್ದೂ ಅಲ್ಲಿ ಜೊತೆಯಾಗಿವೆ. ಮುಂದೆ ಪದವು ಕಣ್ಕಟ್ಟಿನವನ ಕಡೆಗೆ ಜಾರಿತು. ಬೇಂದ್ರೆಯವರನ್ನು ‘ಶಬ್ದಗಾರುಡಿಗ’ ಎಂದು ಹೊಗಳುವಾಗ ವೈದ್ಯನ ನೆನಪು ಯಾರಿಗೂ ಬರುವುದಿಲ್ಲ!

ಸಿದ್ಧ ಮತ್ತು ಶರಣರ ನಡುವಣ ಅಂತರವೇ ಇಲ್ಲಿ ಹೆಚ್ಚು ಸೂಕ್ಷ್ಮವಾದುದು. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿಯೂ ಗೂಳೂರು ಸಿದ್ಧವೀರಣ್ಣೊಡೆಯರ ‘ಶೂನ್ಯಸಂಪಾದನೆ’ಯಲ್ಲಿಯೂ ಬರುವ ಗೋರಕ್ಷನ ಪ್ರಸಂಗ ಇದಕ್ಕೆ ಒರೆಗಲ್ಲು. ಗೋರಕ್ಷನದು ವಜ್ರಕಾಯ. ಅಲ್ಲಮನು ಕತ್ತಿಯಿಂದ ಹೊಡೆದರೆ ಅದು ತುಂಡಾಗದೆ ಖಣಿಲೆಂದು ಸದ್ದು ಮಾಡುತ್ತದೆ. ಗೋರಕ್ಷನು ಅಲ್ಲಮನ ಮೇಲೆ ಬೀಸಿದ ಕತ್ತಿಯಾದರೋ ಬಯಲಿನಲ್ಲಿ ಆಡಿದಂತೆ ಹಾದುಹೋಗುತ್ತದೆ. ಗೋರಕ್ಷನು ಗಟ್ಟಿಗೊಳಿಸಿದ್ದು ದೇಹವನ್ನು. ಆ ಸದ್ದೇ ‘ಇಲ್ಲಿ ಇನ್ನೂ ಏನೋ ಉಳಿದಿದೆ’ ಎಂಬುದಕ್ಕೆ ಸಾಕ್ಷಿ. ಅಲ್ಲಮನಲ್ಲಿ ಕತ್ತಿಗೆ ತಾಗಲು ಏನೂ ಇಲ್ಲ. ‘ಕಾಯಸಿದ್ಧಿ’ ಮತ್ತು ‘ಬಯಲು’ ಎಂಬ ಎರಡು ಪರಿಭಾಷೆಗಳ ವಾಗ್ವಾದವೇ ಇಲ್ಲಿ ಕಥೆಯ ರೂಪ ತಾಳಿದೆ.

ಇಬ್ಬರನ್ನೂ ‘ಯೋಗಿ’ ಎಂದು ಅನುವಾದಿಸಿದರೆ ಪ್ರಸಂಗವು ಇಬ್ಬರು ಪವಾಡಪುರುಷರ ಸ್ಪರ್ಧೆಯಾಗಿ, ಅಲ್ಲಮನು ಇನ್ನೂ ದೊಡ್ಡ ಪವಾಡದಿಂದ ಗೆದ್ದವನಾಗಿ ತೋರುತ್ತಾನೆ. ಆ ಓದಿಗೆ ಪಠ್ಯವೇ ಸ್ವಲ್ಪ ಎಡೆಗೊಟ್ಟಿದೆ ಎಂಬುದನ್ನೂ ಒಪ್ಪಬೇಕು: ಸಿದ್ಧಿಯನ್ನು ನಿರಾಕರಿಸುವುದಕ್ಕೂ ಕವಿಗೆ ಕಣ್ಣಿಗೆ ಕಾಣುವ ಒಂದು ಅಚ್ಚರಿಯೇ ಬೇಕಾಯಿತು. ಆದರೆ ಸೋತ ಗೋರಕ್ಷನು ಅಲ್ಲಮನಿಂದ ಬೇಡುವುದು ಇನ್ನೊಂದು ಸಿದ್ಧಿಯನ್ನಲ್ಲ, ಅರಿವನ್ನು.