ಕಾರಂಜಾದ ದಂಡೆಯಲ್ಲಿ ಗಾಳ ಹಿಡಿದು

ಕಾರಂಜಾ ಜಲಾಶಯಕ್ಕೆ ಮೊದಲ ಸಲ ಗಾಳ ಹಿಡಿದು ಹೋದ ದಿನ ನಾನು ಕೂತಿದ್ದು ಗಾಳಿ ಬೆನ್ನಿಗೆ ಬಡಿಯುವ ಕಡೆ. ಆಷಾಢದ ಪಡುವಣ ಗಾಳಿ ಜೋರಾಗಿತ್ತು, ಮುಖಕ್ಕೆ ತುಂತುರು ಹೊಡೆಯದಿರಲಿ ಎಂದು ಪಶ್ಚಿಮದ ದಂಡೆ ಹಿಡಿದಿದ್ದೆ. ಮೂರು ತಾಸು ಕಳೆದರೂ ಬೆಂಡು ಅಲುಗಲಿಲ್ಲ. ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ಸುಮ್ಮನೆ ನೋಡಿ ನೋಡಿ ಕೊನೆಗೆ ಹೇಳಿದರು: “ನೀರ ನೋಡ್ರಿ ಮೊದಲ, ಗಾಳ ಆಮ್ಯಾಲ. ಗಾಳಿ ಯಾ ಕಡಿ ಹೊಂಟದ, ಮೀನದ ಊಟ ಆ ಕಡಿ ಹೊಂಟದ.”

ದೊಡ್ಡ ಕೆರೆಯ ಮೀನುಗಾರಿಕೆಯ ಅರ್ಧ ವಿದ್ಯೆ ಆ ಎರಡು ಮಾತಿನಲ್ಲೇ ಇದೆ. ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು, ಪಾಚಿಯ ಚೂರುಗಳನ್ನು ಗಾಳಿ ಎದುರು ದಂಡೆಗೆ ತಳ್ಳಿಕೊಂಡು ಹೋಗುತ್ತದೆ. ಅದನ್ನು ತಿನ್ನುವ ಮೀನು ಹಿಂದೆಯೇ ಹೋಗುತ್ತದೆ. ಮಳೆಗಾಲದಲ್ಲಿ ನಮ್ಮ ಸೀಮೆಯಲ್ಲಿ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಪೂರ್ವದ ದಂಡೆ ಹಿಡಿಯಬೇಕು. ಗಾಳಿ ಮುಖಕ್ಕೆ ಬಡಿಯುತ್ತದೆ, ದಾರ ಎಸೆಯುವುದು ಕಷ್ಟ. ಆದರೂ ಮೀನು ಇರುವುದು ಅಲ್ಲೇ.

ಬಸವಕಲ್ಯಾಣ, ಹುಮನಾಬಾದ್ ಎಂದರೆ ಬಯಲು, ತೊಗರಿ, ಕಬ್ಬು, ಪುಣೆ–ಹೈದರಾಬಾದ್ ಹೆದ್ದಾರಿ ಎಂದುಕೊಂಡವರಿಗೆ ಇಲ್ಲಿನ ನೀರು ಕಾಣುವುದಿಲ್ಲ. ತೆಲಂಗಾಣದ ಕೊಹಿರ್ ಸೀಮೆಯಲ್ಲಿ ಹುಟ್ಟಿ ಬೀದರ್ ಜಿಲ್ಲೆಗೆ ಇಳಿಯುವ ಕಾರಂಜಾ ನದಿಗೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿ ಕಟ್ಟಿದ ಅಣೆಕಟ್ಟೆಯಲ್ಲಿ 7.69 ಟಿಎಂಸಿ ನೀರು ನಿಲ್ಲುತ್ತದೆ. ಹುಮನಾಬಾದ್, ಭಾಲ್ಕಿ, ಬೀದರ್ ಕಡೆಯ ನಲ್ಲಿಗಳಿಗೆ ಬರುವುದೂ ಅದೇ ನೀರು. ಬಸವಕಲ್ಯಾಣ ತಾಲ್ಲೂಕಿನಲ್ಲಿ ಚುಳಕಿನಾಲಾ ಜಲಾಶಯವಿದೆ, ಮುಲ್ಲಾಮಾರಿ ಮೇಲ್ದಂಡೆಯ ಕಟ್ಟೆಯಿದೆ. ಇವೆರಡೂ ಒಂದೇ ತಾಲ್ಲೂಕಿನವಾದರೂ ಚುಳಕಿನಾಲಾದ ನೀರು ಮಾಂಜ್ರಾ ಸೇರಿ ಗೋದಾವರಿಗೆ ಹೋಗುತ್ತದೆ, ಮುಲ್ಲಾಮಾರಿಯದು ಕಾಗಿಣಾ, ಭೀಮಾ ಹಾದು ಕೃಷ್ಣೆಗೆ. ಎರಡು ಮಹಾನದಿಗಳ ನಡುವಿನ ದಿಬ್ಬದ ಮೇಲೆ ನಮ್ಮ ಊರುಗಳಿವೆ.

ಶರಣರ ನೆಲದಲ್ಲಿ ಮೀನಿನ ಮಾತೇ ಎಂದು ಕೇಳುವವರುಂಟು. ಅವರ ಭಾವನೆಗೆ ನನ್ನ ಗೌರವವಿದೆ. ಆದರೆ ನೀರಿನ ಜೊತೆ ಬದುಕಿದವರ ನೆನಪು ಕಲ್ಯಾಣಕ್ಕೆ ಹೊಸದಲ್ಲ. ನುಲಿಯ ಚಂದಯ್ಯ ಕೆರೆಯ ಹುಲ್ಲು ಕೊಯ್ದು ಹಗ್ಗ ಹೊಸೆದು ಬಾಳಿದ ಶರಣ. ಅಂಬಿಗರ ಚೌಡಯ್ಯ ದೋಣಿ ನಡೆಸಿದವನು. ಜನವರಿ 21ರಂದು ಅವನ ಜಯಂತಿಯನ್ನು ಕಬ್ಬಲಿಗ, ಕೋಲಿ, ಗಂಗಾಮತ ಮನೆಗಳವರು ಅಭಿಮಾನದಿಂದ ಮಾಡುತ್ತಾರೆ. ಜಲಾಶಯಗಳ ದಂಡೆಯಲ್ಲಿ ಬಲೆ ಬಿಡುವವರು ಹೆಚ್ಚಾಗಿ ಇದೇ ಮನೆಗಳವರು.

ಗಾಳಕ್ಕೆ ಬೇಕಾದ ಸಾಮಾನು ಕಡಿಮೆ. ಬಿದಿರಿನ ಕೋಲು, ನೈಲಾನ್ ದಾರ, ಮುಳ್ಳು, ಸೀಸದ ಗುಂಡು, ಬೆಂಡು. ಅಂಗಡಿಯ ಪ್ಲಾಸ್ಟಿಕ್ ಬೆಂಡಿಗಿಂತ ಒಣಗಿದ ಜೋಳದ ದಂಟಿನ ಒಳತಿರುಳು ನನಗೆ ಇಷ್ಟ. ಹಗುರ, ಸಣ್ಣ ಕಚ್ಚನ್ನೂ ತೋರಿಸುತ್ತದೆ. ಮೇವಿಗೆ ಶೇಂಗಾ ಹಿಂಡಿ, ಅಕ್ಕಿ ತವಡು, ಜೋಳದ ಹಿಟ್ಟು ಕಲಸಿ, ಚೂರು ಬೆಲ್ಲ ಸೇರಿಸಿ, ರೊಟ್ಟಿಯ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನಾದಬೇಕು. ನೀರಿಗೆ ಬಿದ್ದ ಕೂಡಲೇ ಕರಗಿದರೆ ಮುಳ್ಳು ಬರಿದಾಗುತ್ತದೆ, ಕಲ್ಲಿನಂತಿದ್ದರೆ ಮೀನು ಮುಟ್ಟುವುದಿಲ್ಲ. ಗಾಳ ಬಿಡುವ ಮೊದಲು ಅದೇ ಹಿಟ್ಟಿನ ನಾಲ್ಕಾರು ಉಂಡೆ ಒಂದೇ ಜಾಗಕ್ಕೆ ಎಸೆದು ಅರ್ಧ ತಾಸು ಕಾಯಬೇಕು. ಹಿಂದಿನ ಸಂಜೆಯೇ ಎಸೆದು ಬಂದರೆ ಇನ್ನೂ ಒಳ್ಳೆಯದು.

ಗಾಳ ಎಷ್ಟು ಆಳಕ್ಕೆ ಬಿಡಬೇಕು ಎಂಬುದನ್ನು ಮೀನಿನ ಬಾಯಿಯೇ ಹೇಳುತ್ತದೆ. ಸಂತೆಯಲ್ಲಿ ಕಾಟ್ಲಾ, ರೋಹು, ಮೃಗಾಲ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಾಟ್ಲಾದ ತಲೆ ದೊಡ್ಡದು, ಕೆಳದವಡೆ ಮುಂದೆ ಚಾಚಿ ಬಾಯಿ ಮೇಲ್ಮುಖವಾಗಿದೆ: ಅದು ಮೇಲಿನ ನೀರಿನಲ್ಲಿ ತೇಲುವ ಆಹಾರವನ್ನು ಬಾಚುವ ಮೀನು. ರೋಹುವಿನ ತುಟಿಗೆ ಅಂಚಿನಲ್ಲಿ ಸಣ್ಣ ನಿರಿಗೆಗಳಿವೆ, ನಡುನೀರು ಅದರ ಜಾಗ. ಮೃಗಾಲದ ಬಾಯಿ ಕೆಳಮುಖ, ತಳದ ಕೆಸರೇ ಅದರ ತಟ್ಟೆ. ಕಾಟ್ಲಾಕ್ಕೆ ಗಾಳ ನೀರಿನ ಮೇಲ್ಪದರದಲ್ಲೇ ಇರಲಿ, ಮೃಗಾಲಕ್ಕೆ ಗುಂಡು ನೆಲ ಮುಟ್ಟಲಿ. ತಳದ ಮೀನು ಕಚ್ಚಿದಾಗ ಬೆಂಡು ಮುಳುಗಲೇಬೇಕೆಂದಿಲ್ಲ. ಮೀನು ಗುಂಡನ್ನು ಎತ್ತಿದರೆ ಬೆಂಡಿನ ಭಾರ ಇಳಿದು ಅದು ಮೇಲೆದ್ದು ಅಡ್ಡ ಮಲಗುತ್ತದೆ. ಹೊಸಬರು ಆಗ ಗಾಳಿಯ ಆಟ ಎಂದುಕೊಂಡು ಬಿಟ್ಟುಬಿಡುತ್ತಾರೆ; ಎಳೆಯಬೇಕಾದದ್ದು ಅದೇ ಗಳಿಗೆಯಲ್ಲಿ. ಎಳೆತವೂ ಮಣಿಕಟ್ಟಿನಿಂದ ಬರಲಿ, ಭುಜದಿಂದ ಬೇಡ. ದೊಡ್ಡ ಮೀನು ಓಡಿದರೆ ಓಡಲು ಬಿಟ್ಟು, ದಾರ ಮಾತ್ರ ಸಡಿಲವಾಗದಂತೆ ಹಿಡಿದು ದಣಿಸಬೇಕು.

ಜಾಗ ಹುಡುಕುವಾಗ ಬೇಸಿಗೆಯಲ್ಲಿ ಒಮ್ಮೆ ಕೆರೆ ಸುತ್ತಿ ಬನ್ನಿ. ನೀರು ಇಳಿದಾಗ ಹಳೆಯ ಹಳ್ಳದ ಪಾತ್ರ, ಮುಳುಗಿದ್ದ ಜಾಲಿಮರಗಳ ಬೊಡ್ಡೆ, ಹಳೆಯ ಬಾವಿ, ಬದು ಎಲ್ಲ ಬಯಲಿಗೆ ಬರುತ್ತವೆ. ಮಳೆ ಬಂದು ಅವೆಲ್ಲ ಮತ್ತೆ ಮುಳುಗಿದ ಮೇಲೆ ಮೀನು ಸೇರುವುದು ಅಲ್ಲೇ. ಹಳ್ಳ ಬಂದು ಕೆರೆಗೆ ಕೂಡುವ ಬಾಯಿಯೂ ಒಳ್ಳೆಯ ಜಾಗ. ಹೊಸ ನೀರು ಹುಳ, ಹುಲ್ಲು, ಕಾಳು ಹೊತ್ತು ತರುತ್ತದೆ. ಬೇಸಿಗೆಯಲ್ಲಿ ಬೆಳಕು ಹರಿಯುವ ಮುಂಚೆ ಕೂತು ಬಿಸಿಲೇರಿದೊಡನೆ ಎದ್ದುಬಿಡಿ, ಮೀನು ಆಳಕ್ಕಿಳಿದಿರುತ್ತದೆ. ಚಳಿಗಾಲದಲ್ಲಿ ಲೆಕ್ಕ ಉಲ್ಟಾ. ಬೀದರಿನ ಡಿಸೆಂಬರ್ ಚಳಿಗೆ ಮೀನಿನ ಹಸಿವೂ ಮಂದ. ಬಿಸಿಲು ಕಾದ ತೆಳುನೀರಿನಲ್ಲಿ ಹನ್ನೊಂದರ ಮೇಲೆ ಕಚ್ಚುತ್ತದೆ.

ಕೊರವ ಮೀನಿನ ಕಥೆ ಬೇರೆ. ತೆಲುಗರ ಕೊರಮೀನು, ಹೈದರಾಬಾದ್ ಮಾರುಕಟ್ಟೆಯ ಮರಲ್ ಎಲ್ಲ ಇದೇ. ಮೃಗಶಿರಾ ಮಳೆ ಕೂಡುವ ಮಿರಗದ ದಿನ ಆ ನಗರದಲ್ಲಿ ಉಬ್ಬಸಕ್ಕೆಂದು ಮದ್ದು ತುಂಬಿ ನುಂಗಿಸುವುದು ಇದರ ಮರಿಯನ್ನೇ. ಕೊರವ ನೀರಿನ ಮೇಲೆ ಬಂದು ಗಾಳಿ ಕುಡಿಯುವ ಮೀನು. ಜೊಂಡಿನ ನಡುವೆ ‘ಗುಳುಕ್’ ಎಂದು ಗುಳ್ಳೆ ಒಡೆದರೆ ಅಲ್ಲಿಗೆ ಸಣ್ಣ ಕಪ್ಪೆಯನ್ನೋ ಮೀನುಮರಿಯನ್ನೋ ಬಿಡುತ್ತಾರೆ. ಆದರೆ ಮಳೆಗಾಲದಲ್ಲಿ ಒಂದು ನೋಟ ಕಂಡರೆ ಗಾಳ ಸುತ್ತಿಡಿ: ನೀರಿನ ಮೇಲೆ ಕೆಂಬಣ್ಣದ ಮರಿಗಳ ಗುಂಪು ಕುದಿಯುವಂತೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಅದರ ಕೆಳಗೇ ಅಪ್ಪ ಅಮ್ಮ ಕಾವಲಿರುತ್ತವೆ. ಆಗ ಅವು ಎದುರು ಬಂದದ್ದಕ್ಕೆಲ್ಲ ಬಾಯಿ ಹಾಕುತ್ತವೆ, ಹಿಡಿಯುವುದು ಸುಲಭ. ಹಿಡಿದರೆ ಆ ಗುಂಪು ಸಂಜೆಯೊಳಗೆ ಬೇರೆ ಮೀನಿನ ಪಾಲು. ಈ ಕೆಲಸ ಮಾಡುವವರನ್ನು ಕಂಡರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಕರೆಂಟ್ ಬಿಟ್ಟು, ಮದ್ದು ಸಿಡಿಸಿ, ವಿಷ ಕಲಸಿ ಹಿಡಿಯುವವರ ಬಗ್ಗೆ ಹೇಳುವುದೇ ಬೇಡ. ಅದು ಅಪರಾಧ, ಕುಡಿಯುವ ನೀರಿಗೆ ಮಾಡುವ ದ್ರೋಹ.

ಇನ್ನೊಂದು ಸಂಗತಿ ಗಾಳ ಹಿಡಿಯುವ ಎಲ್ಲರೂ ತಿಳಿಯಬೇಕಾದದ್ದು. ಕಾಟ್ಲಾ, ರೋಹು, ಮೃಗಾಲ ಗಂಗೆಯ ಬಯಲಿನ ಮೀನುಗಳು. ಮೊಟ್ಟೆಯಿಡಲು ಅವಕ್ಕೆ ಹರಿಯುವ ನೀರು ಬೇಕು, ನಿಂತ ಕೆರೆಯಲ್ಲಿ ಬೆಳೆಯುತ್ತವೆಯೇ ಹೊರತು ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಪಿಟ್ಯೂಟರಿ ಗ್ರಂಥಿಯ ರಸ ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಆಮೇಲೆಯೇ ದೇಶದ ಕೆರೆಗಳಿಗೆಲ್ಲ ಮೀನುಮರಿ ಸಿಗುವಂತಾಯಿತು. ಜುಲೈ 10 ಇಂದು ರಾಷ್ಟ್ರೀಯ ಮೀನು ಕೃಷಿಕರ ದಿನ. ಮಂಗಳೂರಿನಲ್ಲಿ 1969ರಲ್ಲಿ ಶುರುವಾದ ಮೀನುಗಾರಿಕೆ ಕಾಲೇಜು ಕೂಡ ಈಗ ಸಮುದ್ರವೇ ಇಲ್ಲದ ಬೀದರಿನ ಪಶು ವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ನಮ್ಮ ಜಿಲ್ಲೆಯ ಹುಡುಗ ಹುಡುಗಿಯರಿಗೆ ಇದು ಗೊತ್ತಿರಲಿ.

ಕೆರೆಯಲ್ಲಿ ಮರಿ ಆಗುವುದಿಲ್ಲವೆಂದರೆ, ನಿಮ್ಮ ಗಾಳಕ್ಕೆ ಬೀಳುವ ರೋಹು ಯಾರೋ ಹಣ ಕೊಟ್ಟು ತಂದು ಬಿಟ್ಟ ಮರಿ. ಕೆರೆ, ಜಲಾಶಯಗಳ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆ ಇಲ್ಲವೆ ಪರವಾನಗಿಯ ಮೇಲೆ ಕೊಡುತ್ತದೆ. ಮೀನುಗಾರರ ಸಹಕಾರ ಸಂಘಗಳು ಅದನ್ನೇ ನಂಬಿವೆ. ಮಳೆ ಕೈಕೊಟ್ಟರೆ ಹಾಕಿದ ಹಣ ಹೋದಂತೆ. 2016ರ ಬೇಸಿಗೆಯಲ್ಲಿ ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ತಂದದ್ದನ್ನು ನಾವೆಲ್ಲ ನೋಡಿದ್ದೇವೆ. ಕುಡಿಯುವುದಕ್ಕೇ ನೀರಿಲ್ಲದ ಅಂಥ ವರ್ಷ ಬಲೆ ಬಿಡುವವರ ಪಾಡು ಕೇಳುವವರಿರಲಿಲ್ಲ.

ಆದ್ದರಿಂದ ಹೋಗುವ ಮುಂಚೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲೋ ದಂಡೆಯ ಸಂಘದಲ್ಲೋ ಕೇಳಿ ಒಪ್ಪಿಗೆ ಪಡೆಯಿರಿ. ಕರಿಮಣ್ಣಿನ ದಂಡೆ ಮೇಲೆ ಒಣಗಿದಂತೆ ಕಂಡರೂ ಕಾಲು ಮೊಳಕಾಲವರೆಗೆ ಹೂತುಹೋಗುತ್ತದೆ, ಒಬ್ಬರೇ ನೀರಿಗೆ ಇಳಿಯಬೇಡಿ. ತುಂಡಾದ ನೈಲಾನ್ ದಾರ ಅಲ್ಲೇ ಬಿಸಾಡಿದರೆ ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ, ಜೇಬಿಗೆ ಹಾಕಿಕೊಂಡು ಬನ್ನಿ. ಸಣ್ಣ ಮೀನು ಬಂದರೆ ವಾಪಸು ಬಿಡಿ. ಬಿಡುವ ಮುನ್ನ ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತು ಬಂದು, ನೀರಿಗೆ ಮರಳಿದರೂ ಆ ಮೀನು ರೋಗ ಹತ್ತಿ ಸಾಯಬಹುದು.