ಇಲ್ಲದ ಊರಿಗೊಂದು ರೈಲು ನಿಲ್ದಾಣ

ಮಾಲ್ಗುಡಿಯನ್ನು ಭೂಪಟದಲ್ಲಿ ಹುಡುಕಿದರೆ ಸಿಕ್ಕದು. 1930ರಲ್ಲಿ ಅಜ್ಜಿ ಗೊತ್ತುಮಾಡಿದ ಶುಭದಿನದಂದು ಕಾದಂಬರಿ ಬರೆಯಲು ಕುಳಿತ ಆರ್. ಕೆ. ನಾರಾಯಣರ ಕಣ್ಣಿಗೆ ಕಟ್ಟಿದುದು ಒಂದು ಪುಟ್ಟ ರೈಲು ನಿಲ್ದಾಣ. ಊರು ಆಮೇಲೆ ಅದರ ಸುತ್ತ ಬೆಳೆಯಿತು.

1980ರ ದಶಕದ ನಡುವೆ ಶಂಕರ್‌ನಾಗ್ ಆ ಕಥೆಗಳನ್ನು ದೂರದರ್ಶನಕ್ಕಾಗಿ ಚಿತ್ರಿಸಹೊರಟಾಗ ತೊಡಕೊಂದು ಎದುರಾಯಿತು. ಕಲ್ಪನೆಯ ಊರನ್ನು ಕ್ಯಾಮರಾದಲ್ಲಿ ಹಿಡಿಯುವುದೆಂತು? ಇಡೀ ಊರನ್ನು ಕಟ್ಟಿಸುವ ಬದಲು ಅವರು ಮಲೆನಾಡಿಗೆ ಬಂದರು. ಆಗುಂಬೆಯ ಬೀದಿ ಮಾಲ್ಗುಡಿಯ ಬೀದಿಯಾಯಿತು. ಅಲ್ಲಿಯ ದೊಡ್ಡಮನೆ ಸ್ವಾಮಿಯ ಮನೆಯಾಯಿತು. ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ಎಂಬ ಸಣ್ಣ ನಿಲ್ದಾಣ ಮಾಲ್ಗುಡಿಯ ಫಲಕ ಧರಿಸಿತು.

ಮದುವೆ ಮುಂಜಿಗಳಿಗಷ್ಟೇ ಕ್ಯಾಮರಾ ಹೊರಡುತ್ತಿದ್ದ ಕಾಲವದು. ಛಾಯಾಗ್ರಾಹಕ ಎಸ್. ರಾಮಚಂದ್ರ ಅದನ್ನು ನಿತ್ಯದ ಬದುಕಿನತ್ತ ತಿರುಗಿಸಿದರು: ಜಗುಲಿ, ಹೆಂಚಿನ ಮಾಡು, ಶಾಲೆಗೆ ಹೊರಟ ಹುಡುಗರು, ರೈಲಿಗೆ ಕಾದ ಪ್ರಯಾಣಿಕರು. ಆರ್. ಕೆ. ಲಕ್ಷ್ಮಣರ ರೇಖೆಗಳೊಡನೆ ಅವು ಮನೆಮನೆಯನ್ನು ಹೊಕ್ಕವು. ತಮ್ಮ ಊರೇ ಅದೆಂದು ದೇಶದ ನಾನಾ ಕಡೆಯವರು ಬಗೆದರು.

1990ರಲ್ಲಿ ಶಂಕರ್‌ನಾಗ್ ಅಪಘಾತದಲ್ಲಿ ಅಗಲಿದರು. ಕಾಲಕ್ರಮದಲ್ಲಿ ಮೀಟರ್‌ಗೇಜ್ ಹಳಿಗಳೂ ಬ್ರಾಡ್‌ಗೇಜ್‌ಗೆ ಎಡೆಗೊಟ್ಟವು. ಅರಸಾಳಿನ ಹಳೆಯ ಕಟ್ಟಡ ಕೆಲಸವಿಲ್ಲದೆ ಶಿಥಿಲವಾಯಿತು. ಅದನ್ನು ನೈಋತ್ಯ ರೈಲ್ವೆ ದುರಸ್ತಿಗೊಳಿಸಿ, 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ತೆರೆಯಿತು.

ಹಳಿ ಅಗಲವಾದಾಗ ಹೇಳಹೆಸರಿಲ್ಲದೆ ಹೋದ ಸಣ್ಣ ನಿಲ್ದಾಣಗಳೆಷ್ಟೋ! ಅವುಗಳ ಚಿತ್ರ ತೆಗೆದವರಿಲ್ಲ. ಅರಸಾಳನ್ನು ಉಳಿಸಿದುದು ಅದರ ಶಿಲ್ಪವಲ್ಲ, ವೈಭವವಲ್ಲ. ಒಮ್ಮೆ ಯಾರೋ ಅದನ್ನು ಪ್ರೀತಿಯಿಂದ ನೋಡಿದರೆಂಬುದು ಮಾತ್ರ.