ದುಂಡು ಮನೆಯ ಗೋಡೆ ಯಾವುದರಿಂದ? ನಾಸಿಕ, ಸಂಭಾಜಿನಗರದ ನೆಲಕ್ಕೊಪ್ಪುವ ಸಾಮಗ್ರಿಗಳು

ಮುಂಬೈ, ಪುಣೆಗಳಲ್ಲಿ ದಶಕಗಳಿಂದ ನೆಲೆಸಿ ಈಗ ನಿವೃತ್ತಿಯ ಅಂಚಿಗೆ ಬಂದಿರುವ ಕನ್ನಡ ಕುಟುಂಬಗಳಲ್ಲಿ ಒಂದು ಆಸೆ ಸಾಮಾನ್ಯವಾಗಿದೆ. ನಾಸಿಕದ ದ್ರಾಕ್ಷಿ ತೋಟಗಳ ಕಡೆಗೋ ಎಲ್ಲೋರದ ದಾರಿಯಲ್ಲೋ ಒಂದು ತುಂಡು ನೆಲ ಹೊಂದಿಸಿ, ಅದರಲ್ಲಿ ಚಿಕ್ಕದೊಂದು ಮನೆ ಕಟ್ಟಿ, ವರ್ಷದಲ್ಲಿ ನಾಲ್ಕಾರು ತಿಂಗಳು ಅಲ್ಲಿರಬೇಕೆಂಬುದೇ ಆ ಆಸೆ. ಇತ್ತೀಚೆಗೆ ಇಂತಹವರ ಕೈಗೆ ಬರುವ ಮಾರಾಟದ ಕರಪತ್ರಗಳಲ್ಲಿ 'ಪರಿಸರಸ್ನೇಹಿ ಯರ್ಟ್ ಮನೆ' ಎಂಬ ಮಾತು ಇಣುಕತೊಡಗಿದೆ. ಚಿತ್ರದಲ್ಲಿ ದುಂಡಗಿನ ಬಿಳಿಯ ಡೇರೆ, ಮುಂದೆ ಹಸಿರು ಹುಲ್ಲು, ಹಿಂದೆ ಸಹ್ಯಾದ್ರಿಯ ಸಾಲು. ಈ ಮನೆಯ ಯಾವ ಭಾಗ ಪರಿಸರಕ್ಕೆ ಸ್ನೇಹಿ, ಯಾವ ಭಾಗ ಬರಿಯ ಹೆಸರು ಎಂಬುದನ್ನು ಹಣ ಹೂಡುವ ಮೊದಲೇ ಅರಿಯುವುದು ಒಳ್ಳೆಯದು.

ಯರ್ಟ್ ಎಂದರೆ ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಕುರಿ ಕುದುರೆಗಳೊಡನೆ ಅಲೆಯುವ ಜನರ ಮಡಿಚುವ ಮನೆ. ಮಂಗೋಲರು ಇದನ್ನು 'ಗೆರ್' ಎಂದು ಕರೆಯುತ್ತಾರೆ. ಅದನ್ನು ಕಟ್ಟುವ ಕುಶಲಕಲೆಯನ್ನು ಯುನೆಸ್ಕೋ 2013ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮರದ ಪಟ್ಟಿಗಳನ್ನು ಜಾಲರಿಯಂತೆ ಹೆಣೆದ ದುಂಡು ಗೋಡೆ, ನೆತ್ತಿಯಲ್ಲಿ ಬಂಡಿಚಕ್ರದಂತಹ ಒಂದು ಬಳೆ, ಆ ಬಳೆಯಿಂದ ಗೋಡೆಯವರೆಗೆ ಇಳಿಯುವ ಗಳುಗಳು, ಇವೆಲ್ಲದರ ಮೇಲೆ ಕುರಿಯ ಉಣ್ಣೆಯನ್ನು ನೇಯದೆ ಒತ್ತಿ ಮಾಡಿದ ದಪ್ಪ ಹೊದಿಕೆ. ಮಾಡಿನ ಭಾರ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಗೋಡೆಯ ಮೇಲಂಚಿನಲ್ಲಿ ಸುತ್ತಲೂ ಬಿಗಿದ ಪಟ್ಟಿಯೊಂದು ಅದನ್ನು ಹೊರಳದಂತೆ ತಡೆಯುತ್ತದೆ. ನಮ್ಮ ಕಮ್ಮಾರರು ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಾ ಹಾಕುತ್ತಿದ್ದುದನ್ನು ಕಂಡವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಮೊಳೆಯಿಲ್ಲ, ಕಂಬವೂ ಬಹುಮಟ್ಟಿಗೆ ಬೇಕಿಲ್ಲ.

ದುಂಡು ಆಕಾರದ ಲಾಭವನ್ನು ಲೆಕ್ಕದಿಂದಲೇ ತೋರಿಸಬಹುದು. 20 ಅಡಿ ವ್ಯಾಸದ ದುಂಡು ಮನೆಯಲ್ಲಿ ಸುಮಾರು 314 ಚದರಡಿ ಜಾಗ ದೊರೆಯುತ್ತದೆ, ಅದಕ್ಕೆ ಬೇಕಾದ ಗೋಡೆಯ ಉದ್ದ ಸುಮಾರು 63 ಅಡಿ. ಅಷ್ಟೇ ಜಾಗವನ್ನು ಚೌಕದಲ್ಲಿ ಪಡೆಯಬೇಕಾದರೆ ಸುಮಾರು 71 ಅಡಿ ಗೋಡೆ ಬೇಕು. ಗೋಡೆ ಕಡಿಮೆಯಾದಷ್ಟು ಸಾಮಗ್ರಿ ಕಡಿಮೆ, ಬಿಸಿಲು ಚಳಿಗಳು ಒಳನುಗ್ಗುವ ಹರಹೂ ಕಡಿಮೆ. ಗಾಳಿಯೂ ಮೂಲೆಗೆ ಅಪ್ಪಳಿಸದೆ ಸುತ್ತಿಕೊಂಡು ಹೋಗುತ್ತದೆ. (ಗೋದ್ರೇಜ್ ಬೀರುವನ್ನು ಬಾಗಿದ ಗೋಡೆಗೆ ಒರಗಿಸಿ ನಿಲ್ಲಿಸುವುದು ಹೇಗೆಂಬ ಗೃಹಿಣಿಯರ ಪ್ರಶ್ನೆಗೆ ಮಂಗೋಲರಲ್ಲಿ ಉತ್ತರವಿಲ್ಲ.)

ದುಂಡು ಮನೆ ಪರದೇಶದ ಸೋಜಿಗವೆಂದೂ ತಿಳಿಯಬೇಕಿಲ್ಲ. ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲಿ ಎಂ. ಎಸ್. ನಾಗರಾಜರಾವ್ ಅವರು 1960ರ ದಶಕದಲ್ಲಿ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ದುಂಡು ಗುಡಿಸಲುಗಳ ನೆಲೆಗಳು ದೊರೆತವು. ಪುಣೆ ಜಿಲ್ಲೆಯ ಇನಾಂಗಾವ್‌ನಲ್ಲಿ ಮೊದಲ ಹಂತಗಳ ಚೌಕ ಮನೆಗಳು ಹೋಗಿ, ಕ್ರಿ. ಪೂ. 1000ದ ನಂತರದ ಹಂತದಲ್ಲಿ ಚಿಕ್ಕ ದುಂಡು ಗುಡಿಸಲುಗಳು ಕಾಣಿಸಿಕೊಳ್ಳುತ್ತವೆ. ಮಳೆ ತಗ್ಗಿ ಬೇಸಾಯ ಸೊರಗಿದಾಗ ಜನರು ಕುರಿ ಮೇಕೆಗಳ ಹಿಂದೆ ಅರೆ ಅಲೆಮಾರಿಗಳಾದುದೇ ಇದಕ್ಕೆ ಕಾರಣವೆಂದು ಪುರಾತತ್ತ್ವಜ್ಞ ಎಂ. ಕೆ. ಢವಳೀಕರ್ ವಾದಿಸಿದರು. ಕುರಿ ಮತ್ತು ದುಂಡು ಮನೆಗಳ ನಂಟು ದಖ್ಖನಿನಲ್ಲಿಯೂ ಹಳೆಯದೇ.

ಹೀಗೆ ಆಕಾರದಲ್ಲಿ ತಕರಾರಿಲ್ಲ. ತಕರಾರು ಇರುವುದು ಹೊದಿಕೆಯಲ್ಲಿ. ಮಂಗೋಲಿಯದ ರಾಜಧಾನಿ ಉಲಾನ್‌ಬಾತರದಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಹಿಮಗಳ ಮೊತ್ತ 300 ಮಿಲಿಮೀಟರನ್ನು ಮುಟ್ಟುವುದೂ ಅಪರೂಪ. ನಾಸಿಕ ಜಿಲ್ಲೆಯ ಇಗತಪುರಿಯಲ್ಲಿ ಮಳೆಗಾಲವೊಂದರಲ್ಲೇ 3000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಛತ್ರಪತಿ ಸಂಭಾಜಿನಗರದಲ್ಲಿ, ಎಂದರೆ 2023ರಲ್ಲಿ ಹೆಸರು ಬದಲಾದ ಔರಂಗಾಬಾದಿನಲ್ಲಿ, ಮಳೆ ಬಹಳ ಕಡಿಮೆ. ಆದರೆ ಅಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ನಾಸಿಕದ ನಿಫಾಡ ಪ್ರದೇಶದಲ್ಲಿ ಚಳಿಗಾಲದ ಕೆಲವು ಬೆಳಗುಗಳು ದ್ರಾಕ್ಷಿ ಬೆಳೆಗಾರರ ನಿದ್ದೆಗೆಡಿಸುವಷ್ಟು ತಣ್ಣಗಿರುತ್ತವೆ. ಒಣ ಹವೆಗೆಂದು ಹುಟ್ಟಿದ ಉಣ್ಣೆಯ ಹೊದಿಕೆಯನ್ನು ಇಗತಪುರಿಯ ಆಷಾಢ ಶ್ರಾವಣಗಳಲ್ಲಿ ಹೊರಗೆ ಹೊದಿಸಿದರೆ ಅದು ನೀರು ಕುಡಿದು ತೂಗಿ, ಬೂಷ್ಟು ಹಿಡಿದು ಕೊಳೆಯುವುದರಲ್ಲಿ ಸಂಶಯವಿಲ್ಲ.

ಮಾರಾಟಗಾರರಿಗೂ ಇದು ಗೊತ್ತು. ಆದುದರಿಂದಲೇ ಉಣ್ಣೆಯ ಬದಲು ಪಿವಿಸಿ ಲೇಪಿಸಿದ ಪಾಲಿಯೆಸ್ಟರ್ ಬಟ್ಟೆ, ಅದರೊಳಗೆ ಹೊಳೆಯುವ ಅಲ್ಯುಮಿನಿಯಂ ಹಾಳೆ, ಕೆಳಗೆ ಕಾಂಕ್ರೀಟಿನ ಹಾಸು. ಇದು ಮಳೆಯನ್ನೇನೋ ತಡೆಯುತ್ತದೆ. ಆದರೆ ಉಸಿರಾಡುವುದಿಲ್ಲ. ಒಳಗಿನವರ ಉಸಿರು, ಅಡಿಗೆಯ ಹಬೆ, ಒಣಹಾಕಿದ ಬಟ್ಟೆ, ಎಲ್ಲದರ ತೇವವೂ ಆ ಪ್ಲಾಸ್ಟಿಕ್ಕಿನ ಒಳಮೈಗೆ ತಾಗಿ ಹನಿಯಾಗಿ ಇಳಿಯುತ್ತದೆ. ಬೇಸಿಗೆಯಲ್ಲಿ ತೆಳುವಾದ ಹೊದಿಕೆ ಬಿಸಿಲನ್ನು ತಡೆಯಲಾರದೆ ಏರ್‌ಕಂಡೀಷನರ್ ಬೇಕಾಗುತ್ತದೆ. ಆಕಾರ ಮಂಗೋಲಿಯದ್ದು, ಮೈ ಮಾತ್ರ ಪೆಟ್ರೋಲಿನದು. ಇದನ್ನು ಪರಿಸರಸ್ನೇಹಿ ಎನ್ನುವುದು ಅತಿಯಾಯಿತು.

ಹಾಗಾದರೆ ಈ ನೆಲದ ಹವೆಗೆ ಒಪ್ಪುವ, ಉಸಿರಾಡುವ ಗೋಡೆ ಯಾವುದು? ಸಂಭಾಜಿನಗರದಿಂದ ಸುಮಾರು 30 ಕಿಲೋಮೀಟರ್ ದೂರದ ಎಲ್ಲೋರದಲ್ಲಿಯೇ ಒಂದು ಉತ್ತರವಿದೆ. ಎಲ್ಲೋರ ಎಂದೊಡನೆ ನಮಗೆ ರಾಷ್ಟ್ರಕೂಟರ ಒಂದನೆಯ ಕೃಷ್ಣನೂ ಅವನ ಕಾಲದ ಕೈಲಾಸ ದೇಗುಲವೂ ನೆನಪಾಗುತ್ತವೆ. ಕನ್ನಡಿಗರು ಅಲ್ಲಿಗೆ ಹೋದರೆ ಹದಿನಾರನೆಯ ಗುಹೆಯಲ್ಲೇ ದಿನ ಕಳೆದು ಹಿಂದಿರುಗುವುದು ರೂಢಿ. ಅದಕ್ಕಿಂತ ಹಿಂದಿನ ಬೌದ್ಧ ಗುಹೆಗಳ ಗೋಡೆಗೆ ಮೆತ್ತಿದ ಮಣ್ಣಿನ ಗಿಲಾವಿನ ಕಡೆ ನೋಡುವವರು ಕಡಿಮೆ. ಭಾರತೀಯ ಪುರಾತತ್ತ್ವ ಇಲಾಖೆಯಲ್ಲಿ ರಸಾಯನ ತಜ್ಞರಾಗಿದ್ದ ರಾಜದೇವ್ ಸಿಂಗ್ ಹಾಗೂ ಸ್ಥಳೀಯ ಡಾ. ಬಾಬಾಸಾಹೇಬ ಅಂಬೇಡ್ಕರ್ ಮರಾಠವಾಡ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಮಿಲಿಂದ್ ಸರದೇಸಾಯಿ ಈ ಗಿಲಾವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. ಅವರ ಲೇಖನ 2016ರಲ್ಲಿ, ನಮ್ಮ ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮಣ್ಣು ಸುಣ್ಣಗಳೊಡನೆ ಭಂಗಿ ಗಿಡದ, ಎಂದರೆ ಕ್ಯಾನಬಿಸ್ ಸಟೈವಾದ, ನಾರು ಚೂರುಗಳನ್ನು ಬೆರೆಸಿದ್ದುದು ಅದರಲ್ಲಿ ದೃಢಪಟ್ಟಿತು. ಪ್ರಮಾಣ ಸುಮಾರು ಹತ್ತನೆಯ ಒಂದು ಪಾಲು. ಅಜಂತಾದ ಗಿಲಾವಿನಲ್ಲಿ ಬೇರೆ ಸಸ್ಯಗಳ ಚೂರುಗಳಿದ್ದು, ಅಲ್ಲಿ ಕೀಟಗಳಿಂದ ಚಿತ್ರಗಳು ಹಾಳಾಗಿವೆ. ಎಲ್ಲೋರದಲ್ಲಿ ಅಂತಹ ಕೀಟಬಾಧೆ ಕಾಣದಿರುವುದಕ್ಕೆ ಈ ಗಿಡವೇ ಕಾರಣವಿರಬೇಕೆಂದು ಅವರು ತರ್ಕಿಸಿದರು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಈ ಸಂಶೋಧನೆಯ ಸುದ್ದಿ ಹಬ್ಬಿದ ಮೇಲೆ, ಭಂಗಿಯ ಗೋಡೆ 1500 ವರ್ಷ ಬಾಳುತ್ತದೆಂಬ ಮಾತು ಸುಲಭವಾಗಿ ಕೇಳಿಬರುತ್ತಿದೆ. ಎಲ್ಲೋರದ ಗಿಲಾವು ಇರುವುದು ಬಸಾಲ್ಟ್ ಬಂಡೆಯ ಹೊಟ್ಟೆಯೊಳಗೆ. ಅದರ ತಲೆಯ ಮೇಲೆ ಬೆಟ್ಟವೇ ಮಾಡಾಗಿದೆ, ಮಳೆ ಅದನ್ನು ನೇರವಾಗಿ ಮುಟ್ಟಿಲ್ಲ. ಈಗ ಗೋಡೆ ಕಟ್ಟಲು ಬಳಸುವುದು ಈ ಗಿಡದ ಒಳತಿರುಳಿನ ಚೂರುಗಳನ್ನು ಸುಣ್ಣದೊಡನೆ ಕಲಸಿ ಅಚ್ಚಿನಲ್ಲಿ ತುಂಬಿದ ದಪ್ಪ ಗೋಡೆಯನ್ನು. ಹೆಂಪ್‌ಕ್ರೀಟ್ ಎಂಬ ಹೆಸರು ಅದಕ್ಕೆ. ಎರಡೂ ಒಂದೇ ಕುಲದವು, ಆದರೆ ಒಂದೇ ವಸ್ತುವಲ್ಲ. ಎಲ್ಲೋರದಿಂದ ಕಲಿಯಬೇಕಾದುದು ಎರಡು ಸಂಗತಿ: ಸುಣ್ಣ, ಮಣ್ಣು, ನಾರು ಇವುಗಳ ಹೊಂದಾಣಿಕೆ ದೀರ್ಘಕಾಲ ನಿಲ್ಲುತ್ತದೆ, ಹಾಗೆ ನಿಲ್ಲಬೇಕಾದರೆ ಅದರ ಮೇಲೆ ನೀರು ಬೀಳಬಾರದು.

ಹೆಂಪ್‌ಕ್ರೀಟಿನ ಗುಣಗಳು ಮಾತ್ರ ದುಂಡು ಮನೆಗೆ ಹೇಳಿಮಾಡಿಸಿದಂತಿವೆ. ಕಾಂಕ್ರೀಟು ಘನಮೀಟರಿಗೆ ಸುಮಾರು 2400 ಕಿಲೋ ತೂಗಿದರೆ ಇದು 300ರಿಂದ 400 ಕಿಲೋ ತೂಗುತ್ತದೆ. ಶಾಖವನ್ನು ನಿಧಾನವಾಗಿ ಬಿಡುತ್ತದೆ, ತೇವವನ್ನು ಹೀರಿ ಹೊರಬಿಡುತ್ತದೆ. ಭಾರ ಹೊರುವ ಶಕ್ತಿ ಇಲ್ಲವಾದುದರಿಂದ ಒಳಗೊಂದು ಚೌಕಟ್ಟು ಬೇಕು. ಯರ್ಟಿನ ಜಾಲರಿ ಆ ಕೆಲಸಕ್ಕೆ ಸಿದ್ಧವಾಗಿಯೇ ಇದೆ. ಉತ್ತರಾಖಂಡದ ಯಮಕೇಶ್ವರ ಭಾಗದಲ್ಲಿ ನಮ್ರತಾ ಕಂಡವಾಲ್ ಮತ್ತು ಗೌರವ್ ದೀಕ್ಷಿತ್ ದಂಪತಿಗಳು ಇಂತಹ ಕಟ್ಟಡವೊಂದನ್ನು ನಿರ್ಮಿಸಿದ್ದಾರೆ. ಆ ರಾಜ್ಯ 2018ರಲ್ಲೇ ಕೈಗಾರಿಕಾ ಭಂಗಿ ಬೆಳೆಗೆ ಪರವಾನಗಿ ಕೊಡತೊಡಗಿತು. 1985ರ ಮಾದಕ ವಸ್ತು ಕಾಯಿದೆಯ ಪ್ರಕಾರ ಸರಕಾರದ ಅನುಮತಿಯಿಲ್ಲದೆ ಈ ಗಿಡವನ್ನು ಬೆಳೆಯುವುದು ಅಪರಾಧ. ಆದುದರಿಂದ ಹಿತ್ತಿಲಲ್ಲಿ ನಾಲ್ಕು ಗಿಡ ನೆಟ್ಟು ಗೋಡೆ ಕಟ್ಟುವೆನೆಂದು ಯಾರೂ ಹೊರಡಬಾರದು! ಪರವಾನಗಿ ಇರುವ ಕಡೆಯಿಂದಲೇ ತರಿಸಬೇಕು, ಸಾಗಣೆಯ ವೆಚ್ಚ ಸೇರಿದರೆ ಅದು ಅಗ್ಗವಲ್ಲ.

ನಮ್ಮ ಮನೆಗಳಿಗೆ ಪರಿಚಿತವಾದ ಪುಂಡಿಯನ್ನು ಇಲ್ಲಿ ನೆನೆಯಬೇಕು. ಉತ್ತರ ಕರ್ನಾಟಕದ ಪುಂಡಿಪಲ್ಯದ ಅದೇ ಪುಂಡಿ, ಮರಾಠಿಯ ಅಂಬಾಡಿ. ಅದರ ಸಸ್ಯಶಾಸ್ತ್ರೀಯ ಹೆಸರು ಹೈಬಿಸ್ಕಸ್ ಕ್ಯಾನಬಿನಸ್, ಎಂದರೆ ಭಂಗಿಯನ್ನು ಹೋಲುವ ದಾಸವಾಳ. ಹಗ್ಗ ಹೊಸೆಯಲು ನಮ್ಮ ಹಿರಿಯರು ಇದರ ನಾರನ್ನೇ ಬಳಸುತ್ತಿದ್ದರು. ಇದರ ಕಾಂಡದ ತಿರುಳನ್ನು ಸುಣ್ಣದೊಡನೆ ಬೆರೆಸುವ ಪ್ರಯೋಗಗಳು ಹೊರದೇಶಗಳಲ್ಲಿ ನಡೆದಿವೆ. ಬೆಳೆಯಲು ಯಾರ ಅಪ್ಪಣೆಯೂ ಬೇಡ. ಭಂಗಿಗಿರುವ ಕೀಟನಿರೋಧಕ ಗುಣ ಇದಕ್ಕೂ ಇದೆಯೆಂದು ಮಾತ್ರ ಭಾವಿಸಲಾಗದು. ಗಿಲಾವಿನ ನಾರಾಗಿ ಬಳಸುವುದಕ್ಕೆ ನನ್ನ ಮಟ್ಟಿಗೆ ಇದೇ ಮೊದಲ ಆಯ್ಕೆ.

ಇನ್ನು ಚೌಕಟ್ಟು. ನಾಸಿಕ ಜಿಲ್ಲೆಯ ಪೇಠ, ಸುರಗಾಣ, ತ್ರ್ಯಂಬಕೇಶ್ವರಗಳ ಕಡೆ ಬಿದಿರು ಬೆಳೆಯುತ್ತದೆ. 2017ರ ಕಾನೂನು ತಿದ್ದುಪಡಿಯ ನಂತರ ಅರಣ್ಯದ ಹೊರಗೆ ಬೆಳೆದ ಬಿದಿರು 'ಮರ' ಎಂಬ ವ್ಯಾಖ್ಯೆಯಿಂದ ಹೊರಬಂದುದರಿಂದ ಕಡಿದು ಸಾಗಿಸುವ ತೊಡಕೂ ತಗ್ಗಿದೆ. ಮೂರು ನಾಲ್ಕು ವರ್ಷ ಬಲಿತ ಬಿದಿರನ್ನೇ ಆರಿಸಿ, ಮಳೆಗಾಲ ಕಳೆದ ಮೇಲೆ ಕಡಿದು, ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಬೇಕು. ಬಿದಿರಿನೊಳಗಿನ ಪಿಷ್ಟಕ್ಕಾಗಿ ಬರುವ ಕುಟ್ಟೆಹುಳುವನ್ನು ಇದು ದೂರವಿಡುತ್ತದೆ. ಮಳೆಗೆ ಒಡ್ಡಿದರೆ ಆ ಲವಣ ತೊಳೆದುಹೋಗುತ್ತದೆ, ಆದುದರಿಂದ ಇದಕ್ಕೂ ಅಗಲವಾದ ಸೂರು ಬೇಕು. ಮಂಗೋಲರ ಗೆರ್‌ಗೆ ಸೂರೆಂಬುದೇ ಇಲ್ಲ. ನಮ್ಮಲ್ಲಿ ಗೋಡೆಯಿಂದ ಮೂರಡಿಯಾದರೂ ಮಾಡು ಚಾಚಿಕೊಂಡಿರಬೇಕು, ನೆತ್ತಿಯ ಬಳೆಗೆ ಗಾಳಿಯಾಡುವ ಟೋಪಿ ಇರಬೇಕು. ಮಂಗಳೂರು ಹೆಂಚು ಶಂಕುವಿನಾಕಾರಕ್ಕೆ ಕೂರುವುದಿಲ್ಲ. ಎಂಟು ಇಲ್ಲವೆ ಹನ್ನೆರಡು ಮುಖದ ಮನೆಯಾದರೆ ಬಿದಿರು ಚಾಪೆಯಿಂದ ಒತ್ತಿದ ಅಲೆಯಾಕಾರದ ಹಾಳೆಗಳನ್ನು ಕತ್ತರಿಸಿ ಹೊಂದಿಸಬಹುದು. ಇವುಗಳನ್ನು ರೂಪಿಸಿದುದು ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆ.

ಮಾಡು ಹಗುರವಾಗಿರಬೇಕೆಂಬುದು ಕೇವಲ ಮಿತವ್ಯಯದ ಮಾತಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪವನ್ನು ಬೀದರ, ಕಲಬುರಗಿಗಳ ಜನ ಮರೆತಿಲ್ಲ. ಅಂದು ಮರಾಠವಾಡದಲ್ಲಿ ಸಾವಿರಾರು ಜನ ಸತ್ತುದು ಬಹುಪಾಲು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳೂ ಅವುಗಳ ಮೇಲಿನ ಭಾರದ ಮಣ್ಣಿನ ಮಾಳಿಗೆಗಳೂ ಮಲಗಿದ್ದವರ ಮೇಲೆ ಕುಸಿದುದರಿಂದ. ಅವೆಲ್ಲ ಸ್ಥಳೀಯ, ನೈಸರ್ಗಿಕ ಸಾಮಗ್ರಿಗಳೇ ಆಗಿದ್ದವು. ನೈಸರ್ಗಿಕವಾದುದೆಲ್ಲ ಸುರಕ್ಷಿತವೆಂಬ ಭ್ರಮೆಗೆ ಇದಕ್ಕಿಂತ ಕಠೋರ ಉತ್ತರ ಬೇಕಿಲ್ಲ. ಸುತ್ತಲೂ ಬಿಗಿದ ಪಟ್ಟಿ, ಹೆಣೆದ ಬಿದಿರು, ಹಗುರ ಮಾಡು ಇವುಗಳಿಂದಾಗಿ ಯರ್ಟಿನ ಕ್ರಮ ಈ ಸೀಮೆಯಲ್ಲಿ ಅನುಸರಣೀಯವಾಗಿದೆ.

ನೆಲದ ವಿಷಯದಲ್ಲಿ ಎರಡೂ ಊರುಗಳದು ಒಂದೇ ಕತೆ, ಬಹುತೇಕ ಎರೆಭೂಮಿ. ಈ ಕರಿಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದನ್ನೇ ಬಗೆದು ಗೋಡೆಗೆ ಮೆತ್ತಿದರೆ ಮೊದಲ ಬೇಸಿಗೆಯಲ್ಲೇ ಬಿರುಕು ನಿಶ್ಚಿತ. ಅಡಿಪಾಯ ಗರಸಿನ ಪದರ ಸಿಗುವವರೆಗೆ ಇಳಿಯಬೇಕು, ಅದರ ಮೇಲೆ ಸ್ಥಳೀಯ ಕರಿಕಲ್ಲಿನ ಎರಡಡಿ ಎತ್ತರದ ಜಗಲಿ ಇರಬೇಕು. ಗಿಲಾವಿಗೆ ಕೆಮ್ಮಣ್ಣನ್ನೋ ಗರಸಿನ ಮಣ್ಣನ್ನೋ ತರಿಸಿ ಸುಣ್ಣ ಸೇರಿಸುವುದು ಲೇಸು. ಜಗತ್ತಿನ ಇಂಗಾಲಾಮ್ಲದ ಉಗುಳಿನಲ್ಲಿ ಸಿಮೆಂಟಿನ ಪಾಲು ನೂರಕ್ಕೆ ಏಳೆಂಟರಷ್ಟಿದೆ. ಸುಣ್ಣ ಸುಡುವಾಗಲೂ ಆ ಅನಿಲ ಹೊರಬೀಳುವುದು ನಿಜ, ಆದರೆ ಗೋಡೆಯಲ್ಲಿ ಗಟ್ಟಿಯಾಗುತ್ತಾ ಅದು ಅದರ ಒಂದು ಭಾಗವನ್ನು ಮರಳಿ ಹೀರಿಕೊಳ್ಳುತ್ತದೆ.

ಉಣ್ಣೆಯನ್ನು ಪೂರ್ತಿ ಕೈಬಿಡಬೇಕಾಗಿಲ್ಲ. ಅದರ ಸ್ಥಾನ ಹೊರಗಲ್ಲ, ಒಳಗೆ. ಮಹಾರಾಷ್ಟ್ರದ ಧನಗರರೂ ಕರ್ನಾಟಕದ ಕುರುಬರೂ ಸಾಕುವ ದಖ್ಖನಿ ಕುರಿಯ ಒರಟು ಉಣ್ಣೆಗೆ ಇಂದು ಕೊಳ್ಳುವವರು ವಿರಳ. ಎಷ್ಟೋ ಕಡೆ ಕತ್ತರಿಸಿದ ಉಣ್ಣೆ ಹಾಗೆಯೇ ಎಸೆದುಹೋಗುತ್ತದೆ. ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಒದ್ದೆಯೆನಿಸದಂತೆ ಹೀರಬಲ್ಲ ವಸ್ತು ಇದು. ಮಾಡಿನ ಹಾಳೆಗೂ ಕೆಳಗಿನ ಬಿದಿರು ಚಾಪೆಗೂ ನಡುವೆ ಬೋರಾಕ್ಸ್ ಸಿಂಪಡಿಸಿದ ಉಣ್ಣೆಯ ಪದರ ಹಾಸಿದರೆ ನಿಫಾಡದ ಚಳಿಗೂ ಸಂಭಾಜಿನಗರದ ಬಿಸಿಲಿಗೂ ಅದು ತಡೆಯಾಗುತ್ತದೆ, ಕುರಿಗಾಹಿಯ ಕೈಗೂ ನಾಲ್ಕು ಕಾಸು ಸೇರುತ್ತದೆ.

ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡುವವನಾಗಿ ಒಂದೆರಡು ಮಾತು ಹೇಳಲೇಬೇಕು. ಮಹಾರಾಷ್ಟ್ರದಲ್ಲಿ ಕೃಷಿಕನಲ್ಲದವನು ಅನುಮತಿಯಿಲ್ಲದೆ ಕೃಷಿಭೂಮಿ ಕೊಳ್ಳುವಂತಿಲ್ಲ. ಕರ್ನಾಟಕದಲ್ಲಿ 2020ರ ತಿದ್ದುಪಡಿಯಿಂದ ಈ ನಿರ್ಬಂಧ ಸಡಿಲಗೊಂಡಿದೆ, ಇಲ್ಲಿ ಹಾಗಿಲ್ಲ. 'ಡೇರೆಗೆ ಯಾರ ಅಪ್ಪಣೆಯೂ ಬೇಡ' ಎಂಬ ಮಾರಾಟಗಾರನ ಮಾತನ್ನು ನಂಬಿ ಮುಂಗಡ ಕೊಡುವ ಮೊದಲು ಭೂಮಿ ಕೃಷಿಯೇತರ ಬಳಕೆಗೆ ಪರಿವರ್ತನೆಯಾಗಿದೆಯೇ, ನಕ್ಷೆಗೆ ಮಂಜೂರಾತಿ ದೊರೆಯುವುದೇ ಎಂಬುದನ್ನು ಕಾಗದದಲ್ಲಿ ಕಾಣಬೇಕು. ಗೃಹಸಾಲ ಕೊಡುವಾಗ ಮಂಜೂರಾದ ನಕ್ಷೆಯನ್ನೂ ಕಟ್ಟಡ ಇನ್ನೆಷ್ಟು ವರ್ಷ ಬಾಳುತ್ತದೆಂಬ ಮೌಲ್ಯಮಾಪಕರ ಅಂದಾಜನ್ನೂ ಕೇಳುತ್ತಾರೆ. ಕಿತ್ತು ಒಯ್ಯಬಹುದಾದ ಬಟ್ಟೆಯ ಡೇರೆ ಈ ಪ್ರಶ್ನೆಯನ್ನು ದಾಟುವುದು ಕಷ್ಟ. ಕಲ್ಲಿನ ಜಗಲಿ, ಸಂಸ್ಕರಿಸಿದ ಬಿದಿರು, ಸುಣ್ಣದ ಗೋಡೆಯುಳ್ಳ ಮನೆಗೆ ಎಂಜಿನಿಯರರ ಸಹಿಯುಳ್ಳ ವಿನ್ಯಾಸವಿದ್ದರೆ ಮಾತುಕತೆಗಾದರೂ ಅವಕಾಶವಿದೆ. ಆದರೂ ಇಂತಹ ಮನೆಗೆ ಬಹುಪಾಲು ಸ್ವಂತ ಹಣವನ್ನೇ ಹೊಂದಿಸಿಕೊಂಡು ಹೊರಡುವುದು ಜಾಣತನ.

ಕೆಲಸದ ಕ್ರಮವನ್ನು ಮಳೆಯೇ ನಿಶ್ಚಯಿಸುತ್ತದೆ. ದೀಪಾವಳಿ ಕಳೆದ ಮೇಲೆ ಬಿದಿರು ಕಡಿದು ನೆನೆಸಿ ನೆರಳಿನಲ್ಲಿ ಒಣಗಿಸುವುದು, ಅಷ್ಟರಲ್ಲಿ ಅಡಿಪಾಯ ಮತ್ತು ಜಗಲಿ ಮುಗಿಸುವುದು, ಸಂಕ್ರಾಂತಿಯ ಹೊತ್ತಿಗೆ ಚೌಕಟ್ಟು ಮತ್ತು ಮಾಡು. ಗೋಡೆ ತುಂಬುವುದು ಮಾಡು ಬಂದ ನಂತರವೇ. ನಾರು ಸುಣ್ಣಗಳ ಗೋಡೆ ಒಳಗಿನವರೆಗೆ ಒಣಗಲು ವಾರಗಳೇ ಬೇಕು, ಮೇಲಿನ ಗಾರೆಯನ್ನು ಅದಕ್ಕೂ ಮೊದಲು ಬಳಿದರೆ ತೇವ ಒಳಗೇ ಉಳಿಯುತ್ತದೆ. ಯುಗಾದಿಯೊಳಗೆ ಗೋಡೆ ತುಂಬಿ ಮುಗಿದರೆ ಕೊನೆಯ ಸುಣ್ಣದ ಕೈಯನ್ನು ಮೇ ತಿಂಗಳಲ್ಲಿ ಹಾಕಬಹುದು, ಮೃಗಶಿರಾ ಮಳೆ ಜೂನ್ ಮೊದಲ ವಾರದ ಕೊನೆಗೆ ಬಾಗಿಲಿಗೆ ಬಂದಿರುತ್ತದೆ.